ಸೇಸಪ್ಪಾಚಾರಿಯ ಮುದ್ರೆ

ಆ ವರ್ಷ ಏಪ್ರಿಲ್ ತಿಂಗಳಲ್ಲಿ ನನ್ನ ಮಾವ ಒಂದೇ ವಾರದೊಳಗೆ ಐದು ಚೂರಿ ಹಾಳು ಮಾಡಿದರು. ಐದೂ ಹದ ತಪ್ಪಿ ನೀಲಿಗೆ ತಿರುಗಿದವು. ನೀಲಿಗೆ ತಿರುಗಿದ ಚೂರಿ ಮೆತ್ತಗಾಗುತ್ತದೆ, ಅದರಿಂದ ಟೊಮೆಟೊ ಕೊಯ್ಯುವುದೂ ಕಷ್ಟ. ಹಿತ್ತಿಲ ಕುಲುಮೆಯಿಂದ ಅವುಗಳನ್ನು ಮೂಲೆಗೆ ಎಸೆದ ಸದ್ದು ಅಡುಗೆಮನೆಗೆ ಕೇಳುತ್ತಿತ್ತು. ಅತ್ತೆ ತೊಂಡೆಕಾಯಿ ಹೆಚ್ಚುತ್ತಾ ಕೂತಿದ್ದರು.

"ಇದು ಐದನೇದು. ಇವರ ಕಣ್ಣು ಹೋಯ್ತು ವಸಂತಿ," ಅಂದರು.

"ಸಕ್ಕರೆ ಕಾಯಿಲೆ ಕಣ್ಣಿಗೆ ಇಳಿದಿದೆ ಅಂತ ಡಾಕ್ಟ್ರು ಆವತ್ತೇ ಹೇಳಿದ್ರಲ್ಲ ಅತ್ತೆ?"

"ಡಾಕ್ಟ್ರು ಹೇಳಿ ವರ್ಷ ಆಯ್ತು. ಇವರು ಒಪ್ಪಬೇಕಲ್ಲ ಮಾರಾಯ್ತಿ!"

ನಮ್ಮದು ಮೂಡುಬಿದಿರೆ ಕಡೆಯ ಆಚಾರಿಗಳ ಮನೆ. ಮಾವ ಸೇಸಪ್ಪಾಚಾರಿ ಅರಬರ ದೇಶದ ನಿಜ್ವಾಕ್ಕೆ ಬಂದು ಹದಿನೇಳು ವರ್ಷವಾಗಿತ್ತು. ಖರ್ಜೂರದ ತೋಟದ ಪಕ್ಕದ ಮಣ್ಣಿನ ಮನೆ, ಹಿತ್ತಿಲಲ್ಲಿ ಕುಲುಮೆ. ಸೂಕಿನಲ್ಲಿ, ಅಂದರೆ ಅಲ್ಲಿಯ ಪೇಟೆಯಲ್ಲಿ, ಇದ್ದ ಅಂಗಡಿಯನ್ನು ನನ್ನ ಗಂಡ ಕೊಗ್ಗ ನೋಡಿಕೊಳ್ಳುತ್ತಿದ್ದರು. ಕೊಗ್ಗ ಎಂದರೆ ಅವರಜ್ಜನ ಹೆಸರು, ನನಗೇನೂ ಇಷ್ಟವಿಲ್ಲ. ಅಂಗಡಿಯ ಲೈಸೆನ್ಸ್, ನಮ್ಮೆಲ್ಲರ ವೀಸಾ ಎಲ್ಲವೂ ನಮಗೆ ಜಾಮೀನು ನಿಂತ ಅರಬ, ಕಫೀಲ್ ಹಮೂದ್ ಅವರ ಹೆಸರಿನಲ್ಲಿ. ಮೊಟ್ಟೆಯನ್ನೂ ಮನೆಯೊಳಗೆ ತಾರದ ನಾವು ಅಲ್ಲಿಯ ಊರಿನವರಿಗೆಲ್ಲ ಬಕ್ರೀದಿಗೆ ಕುರಿ ಕೊಯ್ಯುವ ಚೂರಿ ಮಾಡಿಕೊಡುತ್ತಿದ್ದೆವು. ಇದನ್ನು ಹೇಳಿದರೆ ನನ್ನ ತವರಿನವರು ಈಗಲೂ ನಗುತ್ತಾರೆ.

ಮಾವನ ಚೂರಿಗೆ ಒಂದು ಮುದ್ರೆ ಇತ್ತು. ಹಿಡಿಯ ಹತ್ತಿರ, ಅಲಗಿನ ಮೇಲೆ, ಅಕ್ಕಿಕಾಳಿನಂಥ ಮೂರು ಗೀಟು. ಆ ಗೀಟು ಕಂಡರೆ ಮರಳುಗಾಡಿನ ಬೆದುಗಳೂ ಚೌಕಾಸಿ ಮಾಡದೆ ಕೊಳ್ಳುತ್ತಿದ್ದರು. ಮುದ್ರೆ ಇರುವ ಚೂರಿ ಎಂದಾದರೂ ಒಡೆದರೆ ಒಂದು ಮಾತೂ ಕೇಳದೆ ಹೊಸದು ಕೊಡುತ್ತೇನೆ ಎಂದು ಮಾವ ಬಂದ ವರ್ಷವೇ ಸೂಕಿನ ನಡುವೆ ನಿಂತು ಹೇಳಿದ್ದರಂತೆ. ಹದಿನೇಳು ವರ್ಷದಲ್ಲಿ ಒಬ್ಬನೂ ಒಡೆದ ಚೂರಿ ಹಿಡಿದುಕೊಂಡು ಬಂದಿರಲಿಲ್ಲ.

ಐದು ಚೂರಿ ಹಾಳಾದ ಮರುದಿನ ಬೆಳಿಗ್ಗೆ ಮಾವ ಗಂಜಿ ಉಣ್ಣುವಾಗ ಅತ್ತೆಗೆ ಹೇಳಿದರು:

"ಇವತ್ತು ನೀನು ಕುಲುಮೆಗೆ ಬಾ."

ಅತ್ತೆಯ ಕೈಯಲ್ಲಿದ್ದ ಸೌಟು ನಿಂತಿತು. "ನಾನಾ? ಹದ ಹಾಕುವಾಗ ಹೆಂಗಸರು ಬರಬಾರದು ಅಂತ ನಿಮ್ಮ ಅಪ್ಪ..."

"ಅಪ್ಪನಿಗೆ ಕಣ್ಣಿತ್ತು. ಬಣ್ಣ ನೋಡಿ ಹೇಳಿದರೆ ಸಾಕು. ಬೇರೆ ಎಂಥದೂ ಮುಟ್ಟುವುದು ಬೇಡ."

ಹದ ಎಂದರೆ ಇಷ್ಟೇ. ಕಾಯಿಸಿ ಎಣ್ಣೆಯಲ್ಲಿ ಅದ್ದಿದ ಅಲಗು ಗಾಜಿನಷ್ಟು ಗಡುಸಾಗಿ, ಬಿದ್ದರೆ ಒಡೆಯುವಂತಾಗುತ್ತದೆ. ಅದನ್ನು ಉಜ್ಜಿ ಬೆಳ್ಳಗೆ ಮಾಡಿ, ಕಾದ ಕಬ್ಬಿಣದ ದಪ್ಪ ಹಲಗೆಯ ಮೇಲೆ ಮತ್ತೆ ಇಡಬೇಕು. ಬಿಸಿಯೇರಿದ ಹಾಗೆ ಅಲಗಿನ ಮೇಲೆ ಬಣ್ಣ ಓಡುತ್ತದೆ. ಸರಿಯಾದ ಬಣ್ಣ ಬಂದ ಕ್ಷಣವೇ ತೆಗೆದು ಅದ್ದಿಬಿಡಬೇಕು. ಮೊದಲೇ ತೆಗೆದರೆ ಗಡುಸು ಉಳಿದು ಒಡೆಯುತ್ತದೆ, ತಡವಾದರೆ ಮೆತ್ತಗಾಗಿ ಕೆಡುತ್ತದೆ. ನಾಲ್ಕು ಉಸಿರು ಹೆಚ್ಚು ಕಡಿಮೆಯಾದರೂ ಆಯಿತು ಕಥೆ.

ಅತ್ತೆಗೆ ಕುಲುಮೆಯ ಮಾತು ಗೊತ್ತಿರಲಿಲ್ಲ. ಅವರು ತಮಗೆ ಗೊತ್ತಿದ್ದ ಹೆಸರುಗಳನ್ನೇ ಇಟ್ಟುಕೊಂಡರು. "ಹೆಸರುಬೇಳೆ... ಹೆಸರುಬೇಳೆ... ಈಗ ಮೆಂತೆ... ಮೆಂತೆ ಕಪ್ಪಾಯ್ತು... ಬೆಲ್ಲ! ತೆಗೀರಿ, ಬೆಲ್ಲ!" ಮಾವ ಇಕ್ಕಳದಲ್ಲಿ ಎತ್ತಿ ಅದ್ದುತ್ತಿದ್ದರು. ಬೆಲ್ಲ ದಾಟಿದರೆ ಬದನೆ, ಅದೂ ದಾಟಿದರೆ ನೀಲಿ. ಮೊದಲ ದಿನವೇ ನಾಲ್ಕು ಚೂರಿಗಳೂ ಹದಕ್ಕೆ ಬಂದವು. ಮಾವ ಒಂದನ್ನು ಕಲ್ಲಿಗೆ ಒತ್ತಿ ಬಗ್ಗಿಸಿ ನೋಡಿ, ಅದು ನೆಟ್ಟಗೆ ಮರಳಿದ್ದು ಕಂಡು ಅತ್ತೆಯ ಕಡೆ ತಿರುಗಿ ನಕ್ಕರು. ನಾನು ಆ ಮನೆಗೆ ಸೊಸೆಯಾಗಿ ಬಂದ ಹತ್ತು ವರ್ಷದಲ್ಲಿ ಅವರು ಹಾಗೆ ನಕ್ಕದ್ದನ್ನು ನೋಡಿದ್ದು ಅದೇ ಮೊದಲು.

ಅತ್ತೆಯೂ ಬದಲಾದರು. ಬೆಳಿಗ್ಗೆ ಐದಕ್ಕೇ ಎದ್ದು ಅಡುಗೆ ಮುಗಿಸಿ, ಸೆರಗು ಸೊಂಟಕ್ಕೆ ಬಿಗಿದು ಕುಲುಮೆಗೆ ಹೊರಡುತ್ತಿದ್ದರು. ಪಾತ್ರೆ ಬಟ್ಟೆಯೆಲ್ಲ ನನ್ನ ತಲೆಗೆ ಬಿತ್ತು. ನಾನು ಗೊಣಗಿದರೆ, "ನೋಡು ವಸಂತಿ, ಈ ಪ್ರಾಯದಲ್ಲಿ ನನಗೆ ಒಂದು ಕೆಲಸ ಸಿಕ್ಕಿದೆ. ನೀನು ಸುಮ್ಮನಿರು," ಅನ್ನುತ್ತಿದ್ದರು.

ಆದರೆ ಇಬ್ಬರು ಸೇರಿ ಮಾಡುವ ಕೆಲಸ ನಿಧಾನ. ಒಂದು ಮಧ್ಯಾಹ್ನ ಊಟಕ್ಕೆ ಕೂತಾಗ ನನ್ನ ಗಂಡ ಮಾತು ತೆಗೆದರು.

"ಅಪ್ಪ, ಬಕ್ರೀದಿಗೆ ಇನ್ನು ಐದು ವಾರ ಉಂಟು. ಸೂಕಿನಲ್ಲಿ ನೂರು ಚೂರಿ ಕೇಳಿದ್ದಾರೆ. ನಿಮ್ಮದು ವಾರಕ್ಕೆ ಎಂಟು."

"ಎಂಟಾದರೆ ಎಂಟು."

"ಎಂಟು ಚೂರಿ ಇಟ್ಟುಕೊಂಡು ಅಂಗಡಿ ನಡೀತದಾ? ಕಪಾಟು ಯಾಕೆ ಖಾಲಿ ಅಂತ ಹಮೂದ್ ಕೇಳಿದ್ರು."

"ಹಮೂದರಿಗೆ ನಾನು ಹೇಳ್ತೇನೆ."

"ಮತ್ರಾ ಬಂದರಿನಲ್ಲಿ ಮಮ್ಮದ್ ಬ್ಯಾರಿಯ ಹತ್ರ ರೆಡಿಮೇಡ್ ಅಲಗು ಉಂಟು. ಪೆಟ್ಟಿಗೆಗಟ್ಟಲೆ ಬರ್ತದೆ. ನಾವು ಹಿಡಿ ಹಾಕಿದರೆ ಆಯ್ತು."

"ತಾ. ಮಾರು. ನಾನು ಬೇಡ ಹೇಳ್ಲಿಲ್ಲ. ನನ್ನ ಮುದ್ರೆ ಮಾತ್ರ ಅದರ ಮೇಲೆ ಬೀಳಬಾರದು."

"ಮುದ್ರೆ ಇಲ್ಲದ್ದನ್ನು ಯಾರು ಕೇಳ್ತಾರೆ ಅಪ್ಪ?"

"ಅದನ್ನೇ ನಾನೂ ಹೇಳುವುದು," ಎಂದು ಮಾವ ಮಜ್ಜಿಗೆ ಸುರಿದುಕೊಂಡರು. ನನ್ನ ಗಂಡ ಅನ್ನ ಅರ್ಧಕ್ಕೆ ಬಿಟ್ಟು ಎದ್ದರು. ಇಂಡಿಯನ್ ಸ್ಕೂಲಿನಲ್ಲಿ ಮೂರನೇ ಕ್ಲಾಸ್ ಓದುತ್ತಿದ್ದ ನನ್ನ ಮಗಳು ಸ್ವರ್ಣಲತಾ, "ಡ್ಯಾಡಿ, ಡೋಂಟ್ ವೇಸ್ಟ್ ಫುಡ್," ಅಂದು ಬೈಸಿಕೊಂಡಳು.

ಮಮ್ಮದನ ಪೆಟ್ಟಿಗೆ ಮುಂದಿನ ಗುರುವಾರ ಬಂತು. ಅರುವತ್ತು ಅಲಗು, ಫಳಫಳ ಹೊಳೆಯುತ್ತಿದ್ದವು. ಎರಡು ವಾರ ಕಪಾಟಿನಲ್ಲಿ ಕೂತರೂ ಮೂರೇ ಮೂರು ಹೋದವು. ಬಂದವರೆಲ್ಲ ಬೆರಳಿನಿಂದ ಹಿಡಿಯ ಹತ್ತಿರ ತಡವಿ, ಗೀಟಿಲ್ಲ ಎಂದು ಕೆಳಗಿಡುತ್ತಿದ್ದರಂತೆ.

ಒಂದು ಮಧ್ಯಾಹ್ನ ಮಾವ ಅತ್ತೆ ಇಬ್ಬರೂ ಒಳಗಿನ ಕೋಣೆಯಲ್ಲಿ ಏಸಿ ಹಾಕಿಕೊಂಡು ಮಲಗಿದ್ದಾಗ ನನ್ನ ಗಂಡ ಅಂಗಡಿಯಿಂದ ಬಂದರು. ಕೈಯಲ್ಲಿ ಗೋಣಿಚೀಲ, ಅದರೊಳಗೆ ಮಮ್ಮದನ ಅಲಗುಗಳು. ಕಾಳಿಕಾಂಬೆಯ ಪಟದ ಕೆಳಗಿದ್ದ ಡಬ್ಬಿಯಿಂದ ಮುದ್ರೆಯ ಉಳಿ ತೆಗೆದುಕೊಂಡು ನನ್ನನ್ನು ಬಚ್ಚಲಿಗೆ ಕರೆದರು.

"ಮರದ ತುಂಡಿನ ಮೇಲೆ ಅಲಗು ಗಟ್ಟಿ ಹಿಡಿ. ಉಳಿಯ ತಲೆಗೆ ಬಟ್ಟೆ ಸುತ್ತಿದ್ದೇನೆ, ಸದ್ದು ಬರುದಿಲ್ಲ."

"ತಣ್ಣಗಿನ ಅಲಗಿಗೆ ಹೊಡೆಯುದಾ? ಹದ ಹಾಕಿದ್ದಕ್ಕೆ?"

"ಮೆಲ್ಲ ಹೊಡೀತೇನೆ."

ಆಚಾರಿ ಮನೆಯ ಹೆಣ್ಣಿಗೂ ಇದು ಗೊತ್ತು. ಮುದ್ರೆ ಕೆಂಪಗೆ ಕಾದ ಕಬ್ಬಿಣಕ್ಕೆ ಬೀಳಬೇಕು, ಬೆಣ್ಣೆಗೆ ಒತ್ತಿದ ಹಾಗೆ ಇಳಿಯಬೇಕು. ಹದ ಹಾಕಿ ತಣಿದದ್ದಕ್ಕೆ ಹೊಡೆದರೆ ಮುದ್ರೆ ಬಿದ್ದಲ್ಲೇ ಒಳಗಿಂದ ಬಿರಿಯುತ್ತದೆ, ಹೊರಗೆ ಕಾಣಿಸುವುದಿಲ್ಲ. ನನ್ನ ಅಪ್ಪ ಹಾರೆ, ಗುದ್ದಲಿ ಮಾಡುತ್ತಿದ್ದವರು. ಅವರ ಕೈಯಿಂದ ಇದೇ ತಪ್ಪಿಗೆ ಪೆಟ್ಟು ತಿಂದ ಅಣ್ಣನನ್ನು ನಾನು ನೋಡಿದ್ದೇನೆ. ಗೊತ್ತಿದ್ದೂ ಹಿಡಿದುಕೊಂಡೆ. ಯಾಕೆಂದು ಕೇಳಿದರೆ ಹೇಳುತ್ತೇನೆ: ನನಗೆ ಸಾಕಾಗಿತ್ತು. ಮಾವನ ಹಟ, ದಿನಾ ಹೆಸರುಬೇಳೆ, ಗಂಡನ ಮುಖದ ಸಿಡಿಮಿಡಿ. ಬಕ್ರೀದಿಗೆ ಅಂಗಡಿ ಚೆನ್ನಾಗಿ ನಡೆದರೆ ಮನೆಯಲ್ಲಿ ಎಲ್ಲರೂ ನಗುತ್ತಾರೆ ಎಂದುಕೊಂಡೆ.

ಹತ್ತನೆಯದೋ ಹನ್ನೊಂದನೆಯದೋ ಅಲಗಿನಲ್ಲಿ ಸಣ್ಣ ಸದ್ದಾಯಿತು. ಟಿಕ್. ಅಷ್ಟೇ. ನನ್ನ ಅಂಗೈಗೂ ಗೊತ್ತಾಯಿತು.

"ಎಂಥದೋ ಬಿರಿದ ಹಾಗೆ ಆಯ್ತು," ಅಂದೆ.

ಅವರು ಅದನ್ನು ಬೆಳಕಿಗೆ ಹಿಡಿದು ನೋಡಿದರು. "ಎಂಥದೂ ಇಲ್ಲ. ನೀನು ಸುಮ್ಮನೆ ಹೆದರಿಸಬೇಡ. ಇನ್ನೊಂದು ಕೊಡು."

ನಾನು ಇನ್ನೊಂದು ಕೊಟ್ಟೆ.

ಐವತ್ತೇಳು ಚೂರಿಗಳೂ ಬಕ್ರೀದಿನ ಮೊದಲೇ ಖರ್ಚಾದವು. ಸಂಜೆ ನನ್ನ ಗಂಡ ಶಿಳ್ಳೆ ಹಾಕುತ್ತಾ ಬರುತ್ತಿದ್ದರು. ಮಾವ ಕೇಳಿದಾಗ, "ಕೊನೆಗೆ ಮುದ್ರೆ ಇಲ್ಲದ್ದನ್ನೂ ಕೊಂಡುಹೋದ್ರು ಅಪ್ಪ, ಬೇರೆ ಸಿಗಬೇಕಲ್ಲ," ಅಂದರು. ಮಾವ ಹೌದಾ ಎಂದು ತಲೆಯಾಡಿಸಿದರು. ಮಗನ ಮಾತನ್ನು ಅವರು ಯಾಕೆ ನಂಬಬಾರದು?

ಬಕ್ರೀದಿನ ದಿನ ಹತ್ತು ಗಂಟೆಗೆ ಸುದ್ದಿ ಬಂತು. ಹಮೂದ್ ಅವರ ದೊಡ್ಡ ಮಗ ಸಲೀಂ ಕುರಿಯ ಮೂಳೆಯ ಸಂದಿಗೆ ನಮ್ಮ ಮುದ್ರೆಯ ಚೂರಿ ಹಾಕಿ ಒತ್ತುವಾಗ ಅದು ಹಿಡಿಯ ಹತ್ತಿರ ಮುರಿದು, ಕೈ ಜಾರಿ ಮುರಿದ ಅಲಗಿನ ಮೇಲೆ ಬಿದ್ದಿತ್ತು. ಆಸ್ಪತ್ರೆಯಲ್ಲಿ ಹೊಲಿಗೆ ಹಾಕಿದರು. ಬಲಗೈಯ ಎರಡು ಬೆರಳು ಇನ್ನು ಮಡಚುವುದಿಲ್ಲ ಎಂದರಂತೆ. ಸಲೀಂ ಸರ್ಕಾರಿ ಆಫೀಸಿನಲ್ಲಿ ಬರೆಯುವ ಕೆಲಸದವ, ಮದುವೆ ಗೊತ್ತಾಗಿತ್ತು.

ಮಾವ ಆ ದಿನ ಊಟ ಮಾಡಲಿಲ್ಲ. ಚಾವಡಿಯಲ್ಲಿ ಕೂತು ಕೈ ಹೊಸಕಿಕೊಳ್ಳುತ್ತಿದ್ದರು. ನನ್ನ ಗಂಡ ಮುಖ ತಪ್ಪಿಸಿ ಓಡಾಡಿದರು. ನನಗಂತೂ ಆ ಟಿಕ್ ಎಂಬ ಸದ್ದು ಬಿಟ್ಟು ಬೇರೆ ಏನೂ ಕೇಳುತ್ತಿರಲಿಲ್ಲ.

ನಾಲ್ಕನೇ ದಿನ ಸಂಜೆ ಹಮೂದ್ ಮನೆಗೆ ಬಂದರು. ಕೂಗಾಡಲಿಲ್ಲ. ಅತ್ತೆ ಕೊಟ್ಟ ಖಾವಾ ಕಾಫಿ ಕುಡಿದರು, ಖರ್ಜೂರ ಒಂದು ತಿಂದರು, ಆಮೇಲೆ ಕರವಸ್ತ್ರದ ಗಂಟು ಬಿಚ್ಚಿ ಚೂರಿಯ ಎರಡು ತುಂಡುಗಳನ್ನು ಚಾಪೆಯ ಮೇಲಿಟ್ಟರು. ಅವರು ಅರಬಿಯಲ್ಲಿ ನಿಧಾನವಾಗಿ ಮಾತಾಡಿದ್ದರಿಂದ ನನಗೂ ಅರ್ಥವಾಯಿತು.

"ಸೇಸಾ, ನಿನ್ನ ಚೂರಿ ಒಡೆದದ್ದನ್ನು ನಾನು ಈವರೆಗೆ ನೋಡಿಲ್ಲ. ಕೊಗ್ಗ ಮತ್ರಾದಿಂದ ಅಲಗು ತರಿಸಿದ್ದಾನೆ ಎಂದು ಸೂಕಿನಲ್ಲಿ ಮಾತಿದೆ. ಇದು ನಿನ್ನ ಕೈಯದಾದರೆ ದೇವರ ಇಚ್ಛೆ, ನಾನು ಏನೂ ಕೇಳುವುದಿಲ್ಲ. ನಿನ್ನದಲ್ಲದ್ದಕ್ಕೆ ನಿನ್ನ ಮುದ್ರೆ ಹಾಕಿದವನಿದ್ದರೆ ಈ ವಾರವೇ ಅವನ ವೀಸಾ ಖಲಾಸ್. ಹೆಂಡತಿ ಮಗುವನ್ನು ಕರೆದುಕೊಂಡು ಊರಿಗೆ ಹೋಗಲಿ, ಮತ್ತೆ ಈ ದೇಶಕ್ಕೆ ಕಾಲಿಡಬಾರದು. ನೀನು ಹೇಳಿದ್ದನ್ನು ನಾನು ನಂಬುತ್ತೇನೆ."

ಮಾವ ಮಗನ ಕಡೆ ತಿರುಗಿದರು. "ಕೊಗ್ಗಾ, ನಿನ್ನದಾ ಇದು?"

"ಅಲ್ಲ ಅಪ್ಪ."

"ಕಾಳಿಕಾಂಬೆ ಆಣೆ?"

"ಅಮ್ಮನ ಆಣೆ ಅಪ್ಪ. ನಾನು ಮುದ್ರೆ ಮುಟ್ಲಿಲ್ಲ."

ಅವರು ಅಮ್ಮನ ಮೇಲೆ ಆಣೆ ಹಾಕಿದಾಗ ಅತ್ತೆ ಬಾಗಿಲ ಬಳಿಯೇ ನಿಂತಿದ್ದರು.

ಮಾವ ತುಂಡುಗಳನ್ನು ಎತ್ತಿಕೊಂಡರು. ನಲವತ್ತು ವರ್ಷ ಬೆಂಕಿಯ ಮುಂದೆ ಸುಟ್ಟು ದಡ್ಡುಗಟ್ಟಿದ ಬೆರಳುಗಳು ಅವು. ಬಾಣಲೆಯಿಂದ ಹಪ್ಪಳವನ್ನು ಬರಿಗೈಯಲ್ಲೇ ತೆಗೆಯುತ್ತಿದ್ದರು. ಎಷ್ಟು ತಡವಿದರೂ ಅವರಿಗೆ ಗೀಟು ತಿಳಿಯಲಿಲ್ಲ. ಕಣ್ಣಿನ ಹತ್ತಿರ ಹಿಡಿದರು. ಅದೂ ಆಗಲಿಲ್ಲ.

"ದಮಯಂತಿ, ಬಾ ಇಲ್ಲಿ," ಅಂದರು. ಅದುವರೆಗೆ ನಮ್ಮೆದುರಿಗೆ ಅವರು ಹೆಂಡತಿಯ ಹೆಸರು ಹಿಡಿದು ಕರೆದದ್ದೇ ಇರಲಿಲ್ಲ. "ಹಿಡಿಯ ಹತ್ರ ಒಡೆದಿದೆ. ಮುದ್ರೆ ನೋಡು. ಒಡಕು ಮುದ್ರೆಯ ಮೇಲೆಯೇ ಹೋಗಿದೆಯಾ? ಹಾಗಿದ್ದರೆ ಇದು ತಣ್ಣಗೆ ಹೊಡೆದ ಮುದ್ರೆ, ನನ್ನದಲ್ಲ. ಮುದ್ರೆ ಇಡೀ ಉಂಟು ಅಂತಾದರೆ ಹದ ತಪ್ಪಿದ್ದು, ನನ್ನದೇ. ಸರಿಯಾಗಿ ನೋಡಿ ಹೇಳು."

ಅತ್ತೆ ಎರಡು ತುಂಡುಗಳನ್ನೂ ಅಂಗೈಯಲ್ಲಿ ಇಟ್ಟುಕೊಂಡರು. ನಾನು ಅವರ ಬೆನ್ನ ಹಿಂದೆ ಇದ್ದೆ, ನನಗೂ ಕಂಡಿತು. ಮೂರು ಗೀಟಿನ ಅರ್ಧ ಈ ತುಂಡಿನಲ್ಲಿ, ಅರ್ಧ ಆ ತುಂಡಿನಲ್ಲಿ. ಅತ್ತೆ ತಲೆಯೆತ್ತಿ ಮಗನನ್ನು ನೋಡಿದರು. ನನ್ನ ಗಂಡ ನೆಲ ನೋಡುತ್ತಿದ್ದರು. ಅಷ್ಟರಲ್ಲಿ ಮಗಳು ಲತಾ ಒಳಗಿಂದ ಓಡಿಬಂದು ಅತ್ತೆಯ ಸೆರಗು ಜಗ್ಗಿ, "ಅಜ್ಜೀ, ಐ ಆಮ್ ಹಂಗ್ರಿ," ಅಂದಳು. ನಾನು ಅವಳ ಬಾಯಿ ಮುಚ್ಚಿ ಹಿಂದಕ್ಕೆ ಎಳೆದುಕೊಂಡೆ.

"ಇಡೀ ಉಂಟು," ಅಂದರು ಅತ್ತೆ.

"ಇನ್ನೊಮ್ಮೆ ನೋಡು."

"ನೋಡಿದೆ. ಮುದ್ರೆ ಇಡೀ ಉಂಟು. ಒಡಕು ಒಂದು ಬೆರಳು ಆಚೆ."

"ಹಾಗಾದರೆ ಹದ."

"ಹೌದು." ಅತ್ತೆ ತುಂಡುಗಳನ್ನು ಚಾಪೆಯ ಮೇಲಿಟ್ಟರು. "ಒಂದು ದಿನ ಹೊಗೆ ಜಾಸ್ತಿ ಇತ್ತು. ಮೆಂತೆಯನ್ನೇ ನೋಡಿ ಬೆಲ್ಲ ಅಂದುಬಿಟ್ಟೆನೋ ಏನೋ. ನೀವು ಎಂಥ ಮಾಡ್ತೀರಿ, ನಾನು ಹೇಳಿದ ಹಾಗೆ ತೆಗೆದಿರಿ."

ಮಾವ ಹಮೂದ್ ಅವರ ಕೈ ಹಿಡಿದು, ಅರಬಿಯಲ್ಲಿ "ನನ್ನದೇ," ಅಂದರು. "ಇನ್ನು ನನ್ನ ಮುದ್ರೆ ಇಲ್ಲ. ಸೂಕಿನಲ್ಲಿ ನೀವೇ ಹೇಳಿಬಿಡಿ." ಹಮೂದ್ ಮಾವನ ಭುಜ ತಟ್ಟಿ ಎದ್ದುಹೋದರು. ಆ ಮನುಷ್ಯ ಕೋಪ ಮಾಡಿಕೊಂಡಿದ್ದರೂ ಆಗುತ್ತಿತ್ತು.

ಅಡುಗೆಮನೆಯಲ್ಲಿ ನಾನು ಅತ್ತೆಯ ಕಾಲು ಹಿಡಿದೆ. "ಯಾಕೆ ಹೇಳಿದಿರಿ ಅತ್ತೆ? ನಾನೇ ಆ ಅಲಗು ಹಿಡಿದುಕೊಂಡದ್ದು. ನನಗೆ ಗೊತ್ತಿತ್ತು."

"ಏಳು. ನೀನು ಹಿಡೀದೆ ಇನ್ಯಾರು ಹಿಡೀತಾರೆ? ಅವನಿಗೆ ಮೂರನೇ ಕೈ ಉಂಟಾ?"

"ನಾನು ಈಗಲೇ ಮಾವನಿಗೆ ಹೇಳ್ತೇನೆ."

"ಹೇಳು," ಅಂದರು ಅತ್ತೆ. ಅಷ್ಟು ಕಹಿ ಅವರ ಬಾಯಲ್ಲಿ ನಾನು ಕೇಳಿರಲಿಲ್ಲ. "ಹೇಳಿದರೆ ಅವರು ಒಂದು ಗಳಿಗೆ ಕೂರುದಿಲ್ಲ, ಸೀದಾ ಹಮೂದರ ಹತ್ರ ಹೋಗ್ತಾರೆ. ಆಮೇಲೆ ನೀನು, ಮಗು, ಆ ದರಿದ್ರದವ ಮೂವರೂ ಊರಿನಲ್ಲಿ ಎಲ್ಲಿ ಬಿದ್ದುಕೊಳ್ತೀರಿ? ಅನ್ನ ಬಸಿ. ಅವನು ಹಸಿದಿರ್ತಾನೆ."

ಅವರೇ ಮಗನಿಗೆ ಬಡಿಸಿದರು. ಎರಡನೇ ಸಲ ಸಾಂಬಾರು ಬೇಕಾ ಎಂದೂ ಕೇಳಿದರು. ನನ್ನ ಗಂಡ ಬೇಕು ಅಂದರು! ನನಗೆ ಮೈಯೆಲ್ಲ ಉರಿಯಿತು. ಕೈ ತೊಳೆಯುವಲ್ಲಿ ತಡೆದು ಕೇಳಿದೆ, "ನಿಮಗೆ ನಾಚಿಕೆ ಆಗುದಿಲ್ವಾ?"

"ಅಲಗು ಹಿಡಿದದ್ದು ಯಾರು?" ಅಂದರು. "ಬಾಯಿ ಮುಚ್ಚು."

ಮುಚ್ಚಿದೆ. ಎಂಥ ಮಾಡುವುದು, ಸತ್ಯವೇ ಹೇಳಿದ್ದರು.

ಆಮೇಲೆ ಎರಡು ವಾರ ಕುಲುಮೆ ಹೊತ್ತಿಸಲಿಲ್ಲ. ಮಾವ ಅತ್ತೆಗೆ ಒಂದು ಬೈಗಳೂ ಬೈಯಲಿಲ್ಲ. ಬೈದಿದ್ದರೆ ಅತ್ತೆಗೆ ಎಷ್ಟೋ ಹಗುರವಾಗುತ್ತಿತ್ತು. "ನೀರು ಕೊಡು", "ಬಾಗಿಲು ಹಾಕು", ಇಷ್ಟೇ ಮಾತು. ಸಲೀಂನ ಮದುವೆ ಮುಂದಕ್ಕೆ ಹೋಯಿತೆಂದು ಕೇಳಿದ ದಿನ ಅದೂ ಇಲ್ಲ. ಅತ್ತೆ ಬೆಳಿಗ್ಗೆ ಐದಕ್ಕೆ ಎದ್ದು ಅಡುಗೆ ಮುಗಿಸಿ, ಮಾಡಲು ಬೇರೇನೂ ಇಲ್ಲದೆ ಹಿತ್ತಿಲ ಮೆಟ್ಟಿಲಲ್ಲಿ ಕೂತಿರುತ್ತಿದ್ದರು. ಒಂದು ದಿನ ಮಾವ ಆ ದಾರಿಯಲ್ಲಿ ಬಂದವರು, ಹೆಂಡತಿ ಕೂತದ್ದು ತಿಳಿದು, ಸುತ್ತು ಬಳಸಿ ಹೋದರು.

ಮೂರನೇ ವಾರ ಖರ್ಜೂರದ ತೋಟದವರು ಗರಿ ಸವರುವ ಕುಡುಗೋಲು ಕೇಳಿಕೊಂಡು ಬಂದರು. ಮುದ್ರೆ ಬೇಕಿಲ್ಲದ ಕೆಲಸ. ಮಾವ ಒಪ್ಪಿದರು. ಬೆಳಿಗ್ಗೆ ಬಡಿದರು, ಎಣ್ಣೆಯಲ್ಲಿ ಅದ್ದಿದರು, ಉಜ್ಜಿ ಬೆಳ್ಳಗೆ ಮಾಡಿದರು. ಅತ್ತೆ ಅಡುಗೆಮನೆಯಲ್ಲಿ ಅಕ್ಕಿ ಪಾತ್ರೆ ಕೆಳಗಿಟ್ಟು ಸೆರಗು ಸೊಂಟಕ್ಕೆ ಬಿಗಿದುಕೊಂಡರು.

"ವಸಂತೀ," ಎಂದು ಮಾವ ಕುಲುಮೆಯಿಂದ ಕೂಗಿದರು. "ನೀನು ಬಾ."

ನಾನು ಅತ್ತೆಯ ಮುಖ ನೋಡಿದೆ. ಅವರು ಸೆರಗು ಬಿಡಿಸಿಕೊಂಡು, "ಹೋಗು," ಅಂದರು.

ಕುಲುಮೆಯಲ್ಲಿ ಮಾವ ನನಗೆ ನಿಲ್ಲುವ ಜಾಗ ತೋರಿಸಿದರು. ಅಲಗನ್ನು ಕಾದ ಹಲಗೆಯ ಮೇಲಿಟ್ಟರು. ಬಣ್ಣ ಓಡತೊಡಗಿತು. ನಾನು ಹೆಸರುಬೇಳೆ ಎಂದೆ, ಮೆಂತೆ ಎಂದೆ. ಬೆಲ್ಲ ಎಂದ ಕೂಡಲೇ ಅವರು ಒಂದು ಪ್ರಶ್ನೆಯಿಲ್ಲದೆ ಎತ್ತಿ ಅದ್ದಿಬಿಟ್ಟರು. ಕಲ್ಲಿಗೆ ಒತ್ತಿ ನೋಡಿದರು. ಸರಿಯಾಗಿತ್ತು.

"ನೋಡು," ಅಂದರು ಮಾವ, ಆ ಮೂರು ವಾರದಲ್ಲಿ ಮೊದಲ ಬಾರಿಗೆ ಸ್ವಲ್ಪ ಹಗುರವಾಗಿ. "ಮೊದಲಿಂದಲೂ ನಿನ್ನನ್ನೇ ನಿಲ್ಲಿಸಬೇಕಿತ್ತು. ನೀನಾದರೆ ಕಂಡದ್ದನ್ನು ಕಂಡ ಹಾಗೆ ಹೇಳ್ತಿ."

ಅವರ ಧ್ವನಿ ದೊಡ್ಡದು. ಅಡುಗೆಮನೆಯ ಕಿಟಕಿ ತೆರೆದೇ ಇತ್ತು, ಅತ್ತೆ ಒಳಗೆ ಅಕ್ಕಿ ತೊಳೆಯುತ್ತಿದ್ದರು.

ನಾನು "ಹೌದು ಮಾವ," ಅಂದೆ.